ಪ್ರತಿ ಸರ್ವರ್‌ಗೂ ಒಂದು ಕೊಂಡಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದರಲ್ಲೂ ನನ್ನ ಕೆಲಸದಲ್ಲಿ ಯಾರಾದರೂ ಹುಳುಕು ತೆಗೆದರೆ ಮುಗಿದೇ ಹೋಯಿತು. ಹಾಗಾಗಿ ಆ ವರ್ಷ ನಾಗರ ಪಂಚಮಿಯ ಹಿಂದಿನ ದಿನ ದೊಡ್ಡವ್ವ ಫೋನ್ ಮಾಡಿದಾಗ ನಾನು ಜಗಳಕ್ಕೇ ನಿಂತೆ.

ದೊಡ್ಡವ್ವ ನನ್ನ ಅವ್ವನ ಅಕ್ಕ. ಇಳಕಲ್‌ನಲ್ಲಿ ಕೈಮಗ್ಗದ ಸೀರೆ ನೇಯುತ್ತಾಳೆ. ಅವಳಂಥ ಹತ್ತಾರು ನೇಕಾರರ ಸೀರೆ ಮಾರುವ ವೆಬ್‌ಸೈಟನ್ನು ನಾನು ಬಾಗಲಕೋಟೆಯ ನವನಗರದ ಮನೆಯಲ್ಲಿ ಕೂತು ನೋಡಿಕೊಳ್ಳುತ್ತೇನೆ.

“ಏನವಾ, ನನ್ನ ಸೀರಿ ಪವರ್‌ಲೂಮಿಂದು ಅಂತ ಯಾಕ ಬರದಿ?”

“ಏನ್ ಮಾತಾಡ್ತಿ ದೊಡ್ಡವ್ವಾ! ಕೈಮಗ್ಗ ಅಂತನ ಐತಿ. ಈಗ ನೋಡಾಕತ್ತೇನಿ.”

“ಮತ್ತ ನಮ್ಮ ಗಿರಾಕಿ ಹುಬ್ಬಳ್ಳಿ ಅಕ್ಕಾರಿಗೆ ಬ್ಯಾರೆ ಕಾಣ್ತೇನ? ಬಸರಿ ಮಗಳ ಕುಬಸಕ್ಕಂತ ದಾಳಿಂಬ್ರಿ ಬಣ್ಣದ ಸೀರಿ ಹೇಳಿದ್ರು. ಈಗ ಬ್ಯಾಡ ಅಂದ್ರು. ಎಷ್ಟ್ ವರ್ಷದಿಂದ ನಮಗ ಹಿಂಗ ಮೋಸ ಮಾಡಾಕತ್ತಿ ಅಂತ ಕೇಳಿದ್ರು ನನಗ.”

ಪುಟವನ್ನು ಮತ್ತೆ ತೆರೆದೆ. ಕೈಮಗ್ಗ. ಇನ್ನೊಮ್ಮೆ ತೆರೆದೆ, ಕೈಮಗ್ಗ. ಮೂರನೆಯ ಸಲ ಪವರ್‌ಲೂಮ್ ಎಂದು ಬಂತು.

ಆಗಿದ್ದು ಇಷ್ಟೇ. ನಮ್ಮ ವೆಬ್‌ಸೈಟ್ ನಡೆಯುವುದು ಎಲ್ಲೋ ಇರುವ ಬಾಡಿಗೆಯ ಸರ್ವರ್‌ಗಳ ಮೇಲೆ. ಜನ ಹೆಚ್ಚಿದರೆ ಹೊಸ ಸರ್ವರ್‌ಗಳು ತಾವಾಗಿಯೇ ಎದ್ದು ನಿಲ್ಲುತ್ತವೆ, ಜನ ಕಡಿಮೆಯಾದರೆ ಹೋಗುತ್ತವೆ. ಎಲ್ಲವೂ ನಾನು ಹಿಂದೆಂದೋ ಮಾಡಿಟ್ಟ ಒಂದೇ ಅಚ್ಚಿನಿಂದ ಬರುವಂಥವು. ಆ ಅಚ್ಚಿನಲ್ಲಿ ಎಲ್ಲ ಸೀರೆಗೂ ಪವರ್‌ಲೂಮ್ ಎಂದು ತೋರಿಸುವ ತಪ್ಪೊಂದು ಉಳಿದಿತ್ತು. ಕೆಲವು ವಾರಗಳ ಹಿಂದೆ ಅದು ಕಣ್ಣಿಗೆ ಬಿದ್ದಾಗ, ಆಗ ನಡೆಯುತ್ತಿದ್ದ ಎರಡು ಸರ್ವರ್‌ಗಳ ಒಳಗೆ ಹೋಗಿ ನನ್ನ ಕೈಯಾರೆ ತಿದ್ದಿದ್ದೆ. ಮಗ್ಗದ ಊರಿನ ಹುಡುಗಿ ನಾನು, ಕೈಯಲ್ಲಿ ಮಾಡಿದ್ದೇ ಕೆಲಸ ಎಂಬ ಗರ್ವ ಬೇರೆ! ಅಚ್ಚನ್ನು ಮಾತ್ರ ತಿದ್ದಿರಲಿಲ್ಲ. ಹಬ್ಬದ ಗದ್ದಲಕ್ಕೆ ಇನ್ನೂ ಏಳು ಸರ್ವರ್‌ಗಳು ಹಳೆಯ ತಪ್ಪು ಹೊತ್ತೇ ಎದ್ದಿದ್ದವು.

ಮಧ್ಯಾಹ್ನದೊಳಗೆ ಎಲ್ಲ ಸರಿ ಮಾಡಿದೆ. ಹುಬ್ಬಳ್ಳಿಯವರಿಗೆ ಫೋನ್ ಮಾಡಿ ತಪ್ಪು ನನ್ನದು ಎಂದೆ. “ಇರ್ಲಿ ಬಿಡ್ರಿ” ಎಂದು ಇಟ್ಟುಬಿಟ್ಟರು. ಅವರು ನಂಬಲಿಲ್ಲ.

ಹಬ್ಬ ಮುಗಿದ ಮೇಲೆ ಇಳಕಲ್‌ಗೆ ಹೋದೆ. ದೊಡ್ಡವ್ವ ಮಗ್ಗದ ಮುಂದೆ ಕೂತು ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಿದ್ದಳು. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ತಲೆ ಎತ್ತದೆ ಕೇಳಿದಳು.

“ನಾ ಒಂದೊಂದ್ ಸೀರಿಗೂ ಹೊಸದಾಗಿ ಕೊಂಡಿ ಹಾಕ್ತೇನಿ. ಹ್ವಾದ ಸೀರಿಗೆ ಹಾಕೇನಲ್ಲ ಅಂತ ಇದನ್ನ ಹಂಗ ಬಿಡ್ತೇನೇನು?”

ಬೇರೆ ಯಾರಾದರೂ ಅಂದಿದ್ದರೆ ತಿರುಗಿ ಬೀಳುತ್ತಿದ್ದೆ. ಅವತ್ತು ನಾಚಿಕೆಯಾಯಿತು.

ಮನೆಗೆ ಬಂದವಳೇ ಕೆಲಸದ ರೀತಿಯನ್ನೇ ಬದಲಿಸಿದೆ. ಕೋಡ್ ಈಗ ಒಂದೇ ಕಡೆ ಇರುತ್ತದೆ, ತಿದ್ದುವುದೂ ಅಲ್ಲೇ. ಎದ್ದು ನಿಂತ ಪ್ರತಿ ಸರ್ವರ್ ಕೂಡ ಮೊದಲು ಅಲ್ಲಿಂದ ಹೊಸ ಕೋಡ್ ತಂದುಕೊಳ್ಳಬೇಕು, ನಾನು ಬರೆದಿಟ್ಟ ಪ್ರಕಾರ ತನ್ನನ್ನು ತಾನೇ ಹೊಂದಿಸಿಕೊಳ್ಳಬೇಕು, ದೊಡ್ಡವ್ವನ ಸೀರೆಯ ಪುಟ ತೆರೆದು ಕೈಮಗ್ಗ ಎಂದಿದೆಯೇ ನೋಡಬೇಕು. ಆಮೇಲೆಯೇ ಗಿರಾಕಿಗಳಿಗೆ ಬಾಗಿಲು. ಸರ್ವರಿನೊಳಗೆ ಹೋಗಿ ತಿದ್ದುವ ನನ್ನ ದಾರಿಯನ್ನೂ ಮುಚ್ಚಿದೆ. ನನ್ನ ಕೈ ನನಗೆ ಗೊತ್ತಿಲ್ಲವೇ! ಮೊದಲ ವಾರವೆಲ್ಲ ತುರಿಸುತ್ತಿತ್ತು.

ಮರುವರ್ಷ ಪಂಚಮಿಗೆ ಸರ್ವರ್‌ಗಳು ಮತ್ತೆ ಎದ್ದವು. ಬೆಳಿಗ್ಗೆಯಿಂದ ಎಷ್ಟು ಸಲ ಪುಟ ತೆರೆದೆನೋ, ಪ್ರತಿ ಸಲವೂ ಕೈಮಗ್ಗ. ಜಂಬದಿಂದ ದೊಡ್ಡವ್ವನಿಗೆ ಫೋನ್ ಮಾಡಿದೆ. “ಹಬ್ಬ ಆದಮ್ಯಾಗ ಬಾ” ಎಂದಳು.

ಹೋದಾಗ ಆ ದಾಳಿಂಬೆ ಬಣ್ಣದ ಸೀರೆಯನ್ನು ನನ್ನ ಮಡಿಲಿಗೆ ಹಾಕಿದಳು. ಹುಬ್ಬಳ್ಳಿಯವರು ಮತ್ತೆ ಬಂದಿರಲಿಲ್ಲ.

“ಒಂದ್ ವರ್ಷ ಯಾಕ ಇಟ್ಕೊಂಡಿ? ಯಾರೂ ಕೇಳಲಿಲ್ಲೇನು?”

“ಕೇಳಿದ್ರು. ಕೊಡಾಕ ಮನಸಾಗ್ಲಿಲ್ಲ. ನೀ ಉಡು.”

ಉಟ್ಟುಕೊಂಡೇ ಬಸ್ಸು ಹತ್ತಿದೆ. ಹುನಗುಂದದಲ್ಲಿ ಹತ್ತಿ ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಸೆರಗು ಮುಟ್ಟಿ ನೋಡಿದಳು.

“ಛಲೋ ಐತ್ರಿ. ಪವರ್‌ಲೂಮಿಂದೇನು?”

“ಅಲ್ರಿ, ಕೈಮಗ್ಗದ್ದು. ನಮ್ಮ ದೊಡ್ಡವ್ವ ನೇದಾಳ.”

ಅವಳು ನಂಬಿದಳು. ನಾನು ಕಿಟಕಿಯ ಕಡೆ ತಿರುಗಿ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡೆ.