ತಾಂಬರದ ಮನೆಯಲ್ಲಿ ಕೇಳಿದ ಮಾತು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಬಾಯಿ ತೆರೆದರೆ ಅಲ್ಲಿಂದ ಎದ್ದು ಹೋಗುತ್ತಿದ್ದವನು ನಾನು. ಹೋಗುವ ಮೊದಲು ಒಂದು ಮಾತು ಚುಚ್ಚಿಯೇ ಹೋಗುತ್ತಿದ್ದೆ. ಅದಕ್ಕೆ ನನ್ನ ಓದು ಕಾರಣ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಪ್ಪಯ್ಯ ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದು ಹೋಟೆಲಿನಲ್ಲಿ ಹಿಟ್ಟು ರುಬ್ಬಿದವರು. ನಾನು ಅದೇ ಹೋಟೆಲಿನಲ್ಲಿ ಬೆಳಿಗ್ಗೆ ಗಿರಾಕಿಗಳಿಗೆ ಕಾಫಿ ಕೊಟ್ಟು, ಆಮೇಲೆ ಅಂಗಿ ಬದಲಿಸಿಕೊಂಡು ಕಾಲೇಜಿಗೆ ಓಡಿದವನು. ಹಾಗೆ ಗಳಿಸಿದ ಬಿ.ಎ.ಯನ್ನು ದೆವ್ವಗಳ ಮುಂದೆ ಅಡವಿಡಲು ನಾನು ತಯಾರಿರಲಿಲ್ಲ. ಈಗ ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ಇಂಥವೆಲ್ಲ ನಡುರಾತ್ರಿ ನಡೆಯುತ್ತವೆ ಎಂದು ಕೇಳಿದ್ದೆ. ನನಗಾದದ್ದು ಹಾಡಹಗಲು, ಊಟದ ಹೊತ್ತಿನಲ್ಲಿ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಒಂದು ವಿಮಾ ಕಂಪನಿಯಲ್ಲಿ ಗುಮಾಸ್ತನಾಗಿದ್ದೆ. ಮದುವೆಯಾದ ಮೇಲೆ ತಿರುವಲ್ಲಿಕೇಣಿಯ ಒಂದು ವಠಾರದ ಹಿಂದಿನ ಕೋಣೆಯಲ್ಲಿ ಸಂಸಾರ ಹೂಡಿದ್ದೆವು. ಆ ಕೋಣೆಗೆ ಕಿಟಕಿ ಇರಲಿಲ್ಲ. ಹಗಲಿನಲ್ಲೂ ದೀಪ ಹಚ್ಚಬೇಕು. ನಮ್ಮ ಮೊದಲ ಮಗು, ಗಂಡು, ಅಲ್ಲಿಯೇ ಹುಟ್ಟಿ ಅಲ್ಲಿಯೇ ಹೋಯಿತು. ಇನ್ನೂ ಮಗುಚಿಕೊಳ್ಳಲು ಕಲಿತಿರಲಿಲ್ಲ. ಮಗುವಿಗೆ ಗಾಳಿ ಬೆಳಕು ಇಲ್ಲದ್ದೇ ಕಾರಣ ಎಂದು ಡಾಕ್ಟರು ಹೇಳಿದರು. ಎರಡನೆಯದು ಹೆಣ್ಣಾಯಿತು. ಅದಕ್ಕೂ ಕೆಮ್ಮು ಶುರುವಾದಾಗ ನನ್ನ ಹೆಂಡತಿ ಗಿರಿಜೆ ಊಟ ಬಿಟ್ಟಳು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. "ಹ್ವಾಯ್, ನಂಗೆ ಒಂದ್ ಕಿಟ್ಕಿ ಇಪ್ಪು ಮನೆ ಕಾಣಿ. ಬೇರೆ ಎಂತ ಇಲ್ದಿದ್ರೂ ಅಡ್ಡಿಲ್ಲ" ಎಂದು ಅಷ್ಟೇ ಹೇಳಿದಳು. ಈ ಮಗುವೂ ಹೋದರೆ ಅವಳು ಉಳಿಯುವುದಿಲ್ಲ ಎಂದು ನನಗೆ ಆವತ್ತೇ ಗೊತ್ತಾಯಿತು.

ಮದರಾಸಿನ ಹೊರವಲಯದ ತಾಂಬರದಲ್ಲಿ ಆಗ ಮನೆಗಳು ದೂರ ದೂರ. ಸ್ಟೇಷನ್ನಿನಿಂದ ಆಚೆ ಒಂದು ಹೊಸ ಬೀದಿಯ ಕೊನೆಯಲ್ಲಿ ಹೆಂಚಿನ ಮನೆಯೊಂದು ಬಾಡಿಗೆಗೆ ಸಿಕ್ಕಿತು. ಒಂದು ಕೋಣೆ, ಹಿಂದೆ ಅಡುಗೆಮನೆ, ಮುಂದೆ ಚಿಕ್ಕ ಜಗಲಿ. ಗಾರೆ ಮಾಡಿದ ನೆಲ ಒರಟು, ಗೋಡೆಗೆ ಸುಣ್ಣವಿಲ್ಲ. ಆದರೆ ಕೋಣೆಗೆ ದೊಡ್ಡ ಕಿಟಕಿಯಿತ್ತು. ಹೊರಕ್ಕೆ ತೆರೆಯುವ ಮರದ ಬಾಗಿಲುಗಳು, ಕಬ್ಬಿಣದ ಸರಳು ಇನ್ನೂ ಹಾಕಿಸಿರಲಿಲ್ಲ. ಹಾಕಿಸಿಕೊಡುತ್ತೇನೆ ಎಂದು ಮನೆಯ ಯಜಮಾನರು ಹೇಳುತ್ತಲೇ ಇದ್ದರು. ಗಿರಿಜೆ ಆ ಕಿಟಕಿಯಲ್ಲಿ ಮಗುವನ್ನು ಎತ್ತಿ ಹಿಡಿದು ನಿಂತವಳು ಎಷ್ಟೋ ಹೊತ್ತು ಈಚೆ ಬರಲಿಲ್ಲ.

ಮನೆ ಸಜ್ಜುಗೊಳಿಸುವ ಕೆಲಸ ಪೂರ್ತಿ ನಮ್ಮದೇ. ಕೂಲಿಯವರನ್ನು ಕರೆಯುವ ಮಾತೇ ಇರಲಿಲ್ಲ. ಸುಟ್ಟ ಸುಣ್ಣ ತಂದು ಗಡಿಗೆಯಲ್ಲಿ ಅರಳಿಸಿ, ಬಟ್ಟೆಗೆ ಹಾಕುವ ನೀಲಿ ಬೆರೆಸಿ, ತೆಂಗಿನ ನಾರಿನ ಕುಂಚದಿಂದ ನಾನೇ ಬಳಿದೆ. ಪಕ್ಕದ ಮನೆಯ ಮುದುಕಿ ಬೇಲಿಯಾಚೆ ನಿಂತು ನೋಡುತ್ತಿದ್ದರು. ನಾವು ಅವರನ್ನು ಪಾಟ್ಟಿ ಎಂದು ಕರೆಯುತ್ತಿದ್ದೆವು, ತಮಿಳಿನಲ್ಲಿ ಅಜ್ಜಿ. "ಎನ್ನಪ್ಪಾ ಬಿ.ಎ., ಸುಣ್ಣಾಂಬು ಅಡಿಕ್ಕವಾ ಪಡಿಚ್ಚೆ?" ಎಂದು ಕೇಳಿದರು. ಸುಣ್ಣ ಬಳಿಯುವುದಕ್ಕಾ ಓದಿದ್ದು ಎಂದು. ಆವತ್ತಿನಿಂದ ಅವರ ಬಾಯಲ್ಲಿ ನನ್ನ ಹೆಸರೇ ಬಿ.ಎ. ಆಯಿತು.

ಹಣ್ಣಿನ ಅಂಗಡಿಯ ಖಾಲಿ ಪೆಟ್ಟಿಗೆಗಳನ್ನು ಗೋಡೆಗೆ ಹೊಡೆದು ಗೂಡು ಮಾಡಿದೆವು. ಹಳೆಯ ಸಾಮಾನು ಮಾರುವ ಮೂರ್ ಮಾರ್ಕೆಟ್ಟಿನಲ್ಲಿ ಒಂದು ಕನ್ನಡಿ ಸಿಕ್ಕಿತು, ನಡುವೆ ಪಾದರಸ ಎದ್ದುಹೋಗಿತ್ತು. ಮುಖ ನೋಡಬೇಕಾದರೆ ಕತ್ತು ಒಂದು ಕಡೆ ವಾಲಿಸಬೇಕು. ಗಿರಿಜೆ ತನ್ನ ಹಳೆಯ ಸೀರೆಯೊಂದನ್ನು ಹರಿದು ಕಿಟಕಿಗೆ ಪರದೆ ಹೊಲಿದಳು. ಒಂದು ಭಾನುವಾರ ಅಪ್ಪಯ್ಯ ಬಂದರು. ನನ್ನ ಡಿಗ್ರಿಗೆ ಅವರೇ ಕಟ್ಟು ಹಾಕಿಸಿ ತಂದಿದ್ದರು. "ಮೊದ್ಲ್ ಈ ಕಾಗ್ದ ಗೋಡಿಗೆ ಹಾಕ್. ದೇವ್ರ್ ಪಟ ಆಮೇಲೆ ಆದ್ರೂ ಅಡ್ಡಿಲ್ಲ" ಎಂದು ನಿಂತು ಮೊಳೆ ಹೊಡೆಸಿದರು. ಗಿರಿಜೆಯ ತವರಿನಿಂದ ಬಂದ ಮರದ ತೊಟ್ಟಿಲನ್ನು ತೂಗುಹಾಕಲು ತೊಲೆಯಲ್ಲಿ ಕೊಕ್ಕೆ ಮೊದಲೇ ಇತ್ತು, ಕಿಟಕಿಗೆ ಹತ್ತಿರವಾಗಿ. ನಮಗೆಂದೇ ಯಾರೋ ಹೊಡೆದಿಟ್ಟ ಹಾಗಿದೆ ಎಂದು ಗಿರಿಜೆ ಸಂತೋಷಪಟ್ಟಳು.

ಇಲ್ಲಿ ಒಂದು ಮಾತು ಹೇಳಬೇಕು. ಗಿರಿಜೆಗೆ ತಮಿಳು ಬರುತ್ತಿರಲಿಲ್ಲ. ವಠಾರದಲ್ಲಿ ಸುತ್ತಲೂ ನಮ್ಮವರೇ ಇದ್ದುದರಿಂದ ಕಲಿಯುವ ಪ್ರಸಂಗ ಬಂದಿರಲಿಲ್ಲ. ಯಾರಾದರೂ ತಮಿಳಿನಲ್ಲಿ ಏನಾದರೂ ಅಂದರೆ ಅದರಲ್ಲಿ ಕನ್ನಡದ ಹಾಗೆ ಕೇಳಿಸಿದ್ದನ್ನು ಹಿಡಿದುಕೊಂಡು ನಡೆಯುತ್ತಿದ್ದಳು. ಒಮ್ಮೆ ಪಾಟ್ಟಿ ಬಂದು ಬಾಯಾರಿಕೆಯೆಂದು "ತಣ್ಣಿ ಇರುಕ್ಕಾ?" ಎಂದರು. ನೀರಿದೆಯಾ ಎಂದು ಅರ್ಥ. ಇವಳು "ತಣ್ಣಗಿದ್ದದ್ ಇಲ್ಲೆ, ಬಿಸಿ ಇತ್ತ್" ಎಂದು ಒಲೆಯ ಮೇಲಿಂದ ಕುದಿಯುವ ನೀರು ತಂದುಕೊಟ್ಟಳು. ಪಾಟ್ಟಿ ಆ ಲೋಟ ಹಿಡಿದುಕೊಂಡು ಬೀದಿಗೆಲ್ಲ ತೋರಿಸಿ ನಕ್ಕರು. ನಾನೂ ನಕ್ಕೆ. ನನಗೆ ತಮಿಳು ಚಿಕ್ಕಂದಿನಿಂದ ನೀರು ಕುಡಿದ ಹಾಗೆ.

ಸುಣ್ಣ ಆರುವ ಮೊದಲೇ ಮಳೆ ಹಿಡಿಯಿತು. ಮದರಾಸಿನ ಆ ಕಾಲದ ಮಳೆ ಬಂದರೆ ಗಾಳಿಯನ್ನೂ ಕರೆದುಕೊಂಡೇ ಬರುತ್ತದೆ. ಕಿಟಕಿ ತೆರೆದರೆ ಎರಚಲು ನೇರ ತೊಟ್ಟಿಲಿಗೆ. ಮುಚ್ಚಿದರೆ ಹಸಿ ಗೋಡೆಯ ವಾಸನೆ ಎದೆಗೆ ಕುಳಿತುಕೊಳ್ಳುತ್ತಿತ್ತು. ಮಗುವಿನ ಕೆಮ್ಮು ಮರಳಿತು, ಜ್ವರ ಬಂತು. ಎರಡು ರಾತ್ರಿ ಅದು ಮಲಗಲಿಲ್ಲ, ನಮ್ಮನ್ನೂ ಮಲಗಿಸಲಿಲ್ಲ. ಅಳುವ ಶಕ್ತಿಯೂ ಹೋಗಿ ಸುಮ್ಮನೆ ಕಣ್ಣು ತೆರೆದುಕೊಂಡು ನರಳುತ್ತಿತ್ತು. ಒಂದು ನಿದ್ದೆ ಬಿದ್ದರೆ ಜ್ವರ ಬಿಡುತ್ತದೆ ಎಂದು ಸ್ಟೇಷನ್ನಿನ ಹತ್ತಿರದ ಡಾಕ್ಟರು ಔಷಧಿ ಕೊಟ್ಟಿದ್ದರು. ಶನಿವಾರ ನಾನು ಆಫೀಸಿಗೆ ಹೋಗಲೇಬೇಕಾಯಿತು. ರಜೆ ಮುಗಿದಿತ್ತು. ಹೊರಡುವಾಗ ಗಿರಿಜೆ ನನ್ನ ಮುಖ ನೋಡಲಿಲ್ಲ.

ಅರ್ಧ ದಿನದ ಆಫೀಸು ಮುಗಿಸಿ ಎಲೆಕ್ಟ್ರಿಕ್ ಟ್ರೈನು ಹಿಡಿದು ತಾಂಬರದಲ್ಲಿಳಿದಾಗ ಮಳೆ ಸ್ವಲ್ಪ ಹಿಂದೆಗೆದಿತ್ತು. ಮನೆಯ ತನಕ ಓಡುತ್ತಾ ಬಂದೆ. ಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಲು ಕೈಯೆತ್ತಿದವನು ಹಾಗೆಯೇ ನಿಂತೆ. ಒಳಗೆ ಯಾರೋ ಮಾತಾಡುತ್ತಿದ್ದರು.

ವಯಸ್ಸಾದ ಹೆಂಗಸಿನ ದನಿ. ಒಂದೇ ಮಾತು. "ತೂಂಗು... ತೂಂಗು..." ಮಗುವನ್ನು ತಟ್ಟುತ್ತಾ ಮಲಗಿಸುವವರು ಹೇಳುವ ಹಾಗೆ, ನಿಧಾನವಾಗಿ, ಒಂದೇ ಸಮ. ಅದರ ಜೊತೆಗೆ ತೊಟ್ಟಿಲ ಸರಪಣಿ ಕಿರುಗುಟ್ಟುವುದು ಕೇಳುತ್ತಿತ್ತು. ತಮಿಳಿನಲ್ಲಿ ತೂಂಗು ಎಂದರೆ ನಿದ್ದೆ ಮಾಡು ಎಂದು. ಪಾಟ್ಟಿ ಬಂದು ಕುಳಿತಿದ್ದಾರೆ, ಅಂತೂ ಮಗುವಿಗೆ ನಿದ್ದೆ ಹತ್ತುತ್ತಿದೆ ಎಂದುಕೊಂಡೆ. ನನ್ನ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿದ ಹಾಗಾಯಿತು. ಬಾಗಿಲು ತಟ್ಟಿದರೆ ಎಚ್ಚರವಾದೀತೆಂದು ಹೆಜ್ಜೆ ಸಪ್ಪಳ ಮಾಡದೆ ಹಿಂದೆ ಸರಿದೆ. ಜಗಲಿಯ ಮೇಲೆ ಕುಳಿತು ಒದ್ದೆ ಅಂಗಿ ಹಿಂಡಿಕೊಂಡೆ. ದನಿ ನಿಲ್ಲಲಿಲ್ಲ. ಕೇಳುತ್ತಾ ಕೇಳುತ್ತಾ ನನಗೇ ಜೊಂಪು ಬಂತು.

ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ ಹೇಳಲಾರೆ. ಸರಪಣಿಯ ಸದ್ದು ಜೋರಾಗುತ್ತಾ ಬಂತು. ಮಗುವನ್ನು ಮಲಗಿಸಲು ಯಾರೂ ಹಾಗೆ ತೂಗುವುದಿಲ್ಲ. ಇದೇನು ಎಂದು ಏಳುವಷ್ಟರಲ್ಲಿ ಧಡ್ ಎಂದು ಶಬ್ದವಾಯಿತು. ಮನೆಯ ಮಗ್ಗುಲಿಗೆ ಓಡಿದೆ. ಕಿಟಕಿಯ ಬಾಗಿಲು ಕೊಂಡಿ ಕಿತ್ತು ಹೊರಕ್ಕೆ ತೆರೆದಿತ್ತು. ತೊಟ್ಟಿಲ ಮೂಲೆ ಬಡಿದು ಹಾಗಾಗಿತ್ತು. ನೋಡುತ್ತಿದ್ದಂತೆ ತೊಟ್ಟಿಲು ಮತ್ತೊಮ್ಮೆ ಕಿಟಕಿಯ ತನಕ ಬಂದು ಹಿಂದಕ್ಕೆ ಹೋಯಿತು. ಗಿರಿಜೆ ನೆಲದ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಕಣ್ಣು ಅರೆ ಮುಚ್ಚಿತ್ತು, ತಲೆ ಎದೆಗೆ ಬಿದ್ದಿತ್ತು. ಕೈ ಮಾತ್ರ ತೊಟ್ಟಿಲ ಹಗ್ಗ ಎಳೆಯುತ್ತಿತ್ತು. ಅವಳ ಪಕ್ಕದಲ್ಲಿ ಇದ್ದಲಿನ ಒಲೆ, ಅದರ ಮೇಲೆ ಕವುಚಿದ ಬುಟ್ಟಿ, ಬುಟ್ಟಿಯ ಮೇಲೆ ಮಗುವಿನ ಬಟ್ಟೆಗಳು. ಬೇರೆ ಯಾರೂ ಇರಲಿಲ್ಲ.

ಕಿಟಕಿ ಹತ್ತಿ ಒಳಗೆ ಧುಮುಕಿದೆ. ಮಗುವನ್ನು ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಕೈಯಲ್ಲಿ ಜೋತುಬಿತ್ತು. ಮುಂಬಾಗಿಲ ಚಿಲಕ ನಾನೇ ತೆಗೆದೆ. ಇದನ್ನು ದಯವಿಟ್ಟು ಗಮನಿಸಿ, ಒಳಗಿನಿಂದ ಹಾಕಿದ್ದ ಚಿಲಕವನ್ನು ನನ್ನ ಕೈಯಾರೆ ತೆಗೆದೆ. ಮಗುವನ್ನು ಜಗಲಿಯಲ್ಲಿ ಮಲಗಿಸಿ, ಗಿರಿಜೆಯನ್ನು ತೋಳು ಹಿಡಿದು ಎಳೆದು ತಂದೆ. ಬೀದಿಗೆ ಕೇಳುವಂತೆ ಕೂಗಿದೆ. ಪಾಟ್ಟಿ ತನ್ನ ಮನೆಯಿಂದ ಕೈ ಒರೆಸಿಕೊಳ್ಳುತ್ತಾ ಓಡಿ ಬಂದರು, ಮಗುವನ್ನು ಕಸಿದುಕೊಂಡು ಸೂರಿನ ಧಾರೆಗೇ ಹಿಡಿದರು. ಜ್ವರದ ಮಗುವಿಗೆ ಮಳೆ ನೀರೇ ಎಂದು ನಾನು ತಡೆಯಲು ಹೋದೆ. "ಪೋಡಾ!" ಎಂದು ನನ್ನನ್ನು ಮೊಳಕೈಯಿಂದ ನೂಕಿದರು. ಮೂರು ನಾಲ್ಕು ಸಲ ತಣ್ಣೀರು ಮುಖದ ಮೇಲೆ ಸುರಿಯಿತು. ಏನೂ ಆಗಲಿಲ್ಲ. ಆಗ ನಾನು ಯಾವ ಯಾವ ದೇವರಿಗೆ ಏನೇನು ಹೇಳಿಕೊಂಡೆನೆಂದು ಬರೆಯಲು ನಾಚಿಕೆಯಾಗುತ್ತದೆ. ಕೊನೆಗೆ ಮಗು ಒಮ್ಮೆ ಬಿಕ್ಕಿತು. ಆಮೇಲೆ ಅತ್ತಿತು.

ಇದ್ದಲಿನ ವಿಷಗಾಳಿ ಎಂದರು ಡಾಕ್ಟರು. ಮುಚ್ಚಿದ ಕೋಣೆಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಬರುವುದಿಲ್ಲ, ಹಿತವಾಗಿ ನಿದ್ದೆ ಬರುತ್ತದೆ. ಮಲಗಿದವರು ಏಳುವುದಿಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಎಲ್ಲರೂ ಹಾಗೆಯೇ ಮಾಡುತ್ತಿದ್ದರು, ಗಿರಿಜೆಯೂ ಮಾಡಿದ್ದಳು. ಕಿಟಕಿ ತೆರೆದುಕೊಂಡದ್ದು ನಿಮ್ಮ ಪುಣ್ಯ ಎಂದರು.

ಡಾಕ್ಟರ ಬೆಂಚಿನ ಮೇಲೆ ಕುಳಿತಿದ್ದಾಗ ಗಿರಿಜೆಗೆ ಪೂರ್ತಿ ಎಚ್ಚರವಾಯಿತು. ಮಗುವನ್ನು ತಡವಿ ನೋಡಿ, ಸುತ್ತಲೂ ಕಣ್ಣಾಡಿಸಿ, "ಆ ಅಜ್ಜಿ ಎಲ್ಲ್ ಹೋದ್ರ್?" ಎಂದು ಕೇಳಿದಳು.

"ಯಾವ ಅಜ್ಜಿ?"

"ನಂಗೆ ಕಣ್ಣ್ ಎಳುದು, ಅವ್ರ್ ಬಿಡುದಿಲ್ಲೆ. ತೂಗು ತೂಗು ಅಂದೇಳಿ ಒಂದೇ ಸಮ. ಕೈ ಸೋತ್ರೂ ಬಿಡ್ಲಿಲ್ಲೆ. ನಾ ಜೋರ್ ತೂಗ್ದೆ."

ಕನ್ನಡದಲ್ಲಿ ತೂಗು ಎಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಪಾಟ್ಟಿಯನ್ನು ಕೇಳಿದೆ. ತಾನು ಆ ದಿನ ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ ಎಂದರು. ನಾನು ಕೇಳಿದ ಮಾತನ್ನು ಹೇಳಿದಾಗ ಅವರ ತಮಾಷೆಯೆಲ್ಲ ನಿಂತುಹೋಯಿತು. "ಪಿಳ್ಳೆ ಪೊಳಚ್ಚುದಿಲ್ಲೆ, ಅದು ಪೋದುಂ ಬಿ.ಎ." ಎಂದರು. ಮಗು ಬದುಕಿತಲ್ಲ, ಅಷ್ಟು ಸಾಕು. ಮತ್ತೆ ಆ ವಿಷಯ ಎತ್ತಗೊಡಲಿಲ್ಲ. ಹಿಂದೆ ಆ ಮನೆಯಲ್ಲಿ ಯಾರಿದ್ದರೆಂದು ಯಜಮಾನರನ್ನು ವಿಚಾರಿಸಿದೆ. ಯಾರೂ ಇರಲಿಲ್ಲ, ನೀವೇ ಮೊದಲು ಎಂದರು. ಗಿರಿಜೆಯೇ ಮಂಪರಿನಲ್ಲಿ ಗೊಣಗಿಕೊಂಡಿರಬಹುದು ಎಂದು ನನ್ನನ್ನು ನಾನೇ ಒಪ್ಪಿಸಲು ನೋಡಿದ್ದೇನೆ. ಆದರೆ ಅವಳ ದನಿ ನನಗೆ ಗೊತ್ತಿಲ್ಲವೇ? ಅದು ಮುದುಕಿಯ ದನಿ. ವಿಷಗಾಳಿಗೆ ಅವಳ ತಲೆ ಕೆಟ್ಟಿತ್ತು ಎನ್ನೋಣ. ನಾನು ಬಯಲು ಗಾಳಿಯಲ್ಲಿ ಕುಳಿತಿದ್ದೆನಲ್ಲ.

ಆ ಮನೆಯಲ್ಲಿ ಆಮೇಲೂ ವರ್ಷಗಟ್ಟಲೆ ಇದ್ದೆವು. ಬೇರೆ ಮನೆ ಹಿಡಿಯುವ ಶಕ್ತಿ ನಮಗಿರಲಿಲ್ಲ. ಆ ಅಜ್ಜಿ ನಮ್ಮ ಊರ ಕಡೆಯವರೇ, ಕನ್ನಡದಲ್ಲೇ ಹೇಳಿದರು ಎಂದು ಗಿರಿಜೆಯ ನಂಬಿಕೆ. ಶುಕ್ರವಾರ ಶುಕ್ರವಾರ ಕೊಕ್ಕೆಯ ಕೆಳಗೆ ನೆಲದ ಮೇಲೆ ಒಂದು ಹೂ ಇಡುತ್ತಿದ್ದಳು. ನಾನು ಬಾಗಿಲಾಚೆಯಿಂದ ಕೇಳಿದ್ದನ್ನು ಅವಳಿಗೆ ಹೇಳಲಿಲ್ಲ, ಜಗಲಿಯಲ್ಲಿ ಕುಳಿತಿದ್ದೆ ಎಂದಷ್ಟೇ ಹೇಳಿದ್ದೆ. ಬಂದವರು ಜಗಲಿಯಲ್ಲಿ ಯಾಕೆ ಕುಳಿತಿರಿ ಎಂದು ಅವಳು ಒಂದೆರಡು ಸಲ ಕೇಳಿದ್ದಳು. ಸುಸ್ತಾಗಿತ್ತು ಎಂದಿದ್ದೆ.

ಆ ದನಿ ನಮ್ಮನ್ನು ಉಳಿಸಲು ಬಂದಿತ್ತೋ, ಕರೆದೊಯ್ಯಲು ಬಂದಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಮಲಗು ಎಂದು ಮಗುವಿಗೆ ಹೇಳಿತೋ, ತೂಗು ಎಂದು ತಾಯಿಗೆ ಹೇಳಿತೋ. ಗಿರಿಜೆಗೆ ತಮಿಳು ಬರುತ್ತಿದ್ದರೆ ಏನಾಗುತ್ತಿತ್ತು ಎಂಬಲ್ಲಿಗೆ ಬಂದಾಗ ನನ್ನ ಯೋಚನೆ ನಿಂತುಬಿಡುತ್ತದೆ.

ತರಕಾರಿಯವರ ಜೊತೆ ಚೌಕಾಸಿ ಮಾಡುತ್ತಾ ಮಾಡುತ್ತಾ ಅವಳೂ ತಮಿಳು ಕಲಿತಳು. ಮಗಳು ನಡೆಯಲು ಕಲಿತಿದ್ದ ಕಾಲ. ಒಂದು ಮಧ್ಯಾಹ್ನ ಪಾಟ್ಟಿ ಬೇಲಿಯಾಚೆಯಿಂದ ಮಗುವೆಲ್ಲಿ ಎಂದು ಕೂಗಿ ಕೇಳಿದರು. ಗಿರಿಜೆ ಬಾಗಿಲಲ್ಲಿ ನಿಂತು, "ಕೊಳಂದೆ ತೂಂಗುದು ಪಾಟ್ಟಿ" ಎಂದಳು. ಮಗು ಮಲಗಿದೆ.

ಹೇಳಿದವಳು ಅಲ್ಲಿಂದ ಕದಲಲಿಲ್ಲ. ನಾನು ಕುರ್ಚಿಯ ಕಾಲಿಗೆ ಮೊಳೆ ಹೊಡೆಯುತ್ತಾ ಕುಳಿತಿದ್ದೆ. ತಲೆಯೆತ್ತಲಿಲ್ಲ. ಅವಳು ಮೆಲ್ಲಗೆ ಕೇಳಿದಳು:

"ನೀವ್ ಆವತ್ತ್ ಹೊರಗ್ ಕೂಕಂಡದ್ ಅದ್ಕಾ?"

ಹೌದು ಎಂದೆ.

ಅವಳು ಒಳಗೆ ಹೋದಳು. ಚಾಪೆಯ ಮೇಲೆ ಬೆವರಿಕೊಂಡು ಹಾಯಾಗಿ ಮಲಗಿದ್ದ ಮಗಳನ್ನು ಭುಜ ಹಿಡಿದು ಅಲುಗಿಸಿ ಎಬ್ಬಿಸಿದಳು. ಅದು ಕಣ್ಣು ಬಿಡದೆ ಮುಖ ತಿರುಗಿಸಿಕೊಂಡಿತು. ಮತ್ತೆ ಅಲುಗಿಸಿದಳು. ಮಗು ಸಿಟ್ಟಿನಿಂದ ಕಾಲು ಝಾಡಿಸಿ, ಬೀದಿಗೆಲ್ಲ ಕೇಳುವ ಹಾಗೆ ಅಳತೊಡಗಿತು. ಅಳಲಿ ಎಂದು ಬಿಟ್ಟು, ಅವಳು ಪಕ್ಕದಲ್ಲೇ ಕುಳಿತು ಕೇಳುತ್ತಿದ್ದಳು.