ಎದ್ದು ಬಂದ ಯಂತ್ರ, ತಿಳಿಯದೇ ಉಳಿದ ಗುರು

೧೯೯೯ರ ಫೆಬ್ರವರಿ ೧೧, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ನಮ್ಮ ಅಂಗಡಿಯ ಒಡತಿ ಅಕ್ಕನ ಬಲಗೈ ಹೆಬ್ಬೆರಳು ಎಂಟರ್ ಕೀಲಿಯ ಮೇಲೆ ನಿಂತಿತ್ತು. ಆ ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ಮೇಲೆ ವರ್ಷಗಟ್ಟಲೆ ರೇಷ್ಮೆ ಎಳೆ ಹೊಸೆದ ಗುರುತು ಅದು.

ಗಂಡ ತೀರಿಕೊಂಡ ಮೇಲೆ ಅಕ್ಕ ಹೊಸಕೋಟೆಯ ತವರಿನಲ್ಲಿದ್ದು, ಪಿಲ್ಲಗುಂಪೆಯ ಒಂದು ಕಾರ್ಖಾನೆಯ ಕಚೇರಿಗೆ ಹೋಗುತ್ತಿದ್ದರಂತೆ. ದೊಡ್ಡಬಳ್ಳಾಪುರಕ್ಕೆ ವಾಪಸು ಬಂದಾಗ ಅವರ ಜೊತೆ ಒಂದು ಹಳೆಯ ಕಂಪ್ಯೂಟರೂ ಅದನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯೂ ಬಂದಿದ್ದವು. ನೇಕಾರರ ಬೀದಿಯಲ್ಲೇ ಸೀರೆಯ ಅಂಚು, ಸೆರಗಿನ ಡಿಸೈನ್ ಮಾಡುವ ಅಂಗಡಿ ತೆರೆದರು. ನಾವು ಬಿಡಿಸಿದ ಡಿಸೈನಿನಂತೆ ರಟ್ಟಿನ ಕಾರ್ಡುಗಳಿಗೆ ತೂತು ಬೀಳುತ್ತಿತ್ತು; ಮಗ್ಗ ಅವನ್ನು ನೋಡಿಕೊಂಡು ನೇಯುತ್ತಿತ್ತು. ನಾನು ಅಲ್ಲಿ ಡಿಸೈನ್ ಬಿಡಿಸುವ ಕೆಲಸಕ್ಕಿದ್ದೆ.

ತೂತು ಹಾಕುವ ಹೊಸ ಯಂತ್ರ ತಂದಿದ್ದೆವು. ಅದು ಲಿನಕ್ಸಿನ ಹೊಸ ಆವೃತ್ತಿಗೆ ಮಾತ್ರ ಬಗ್ಗುತ್ತಿತ್ತು. ಹೊಸ ಆವೃತ್ತಿ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿತ್ತು. ಎದುರು ಮನೆ ಮಗ್ಗದಣ್ಣನ ಒಂದು ಮಗ್ಗ ನಮ್ಮ ಕಾರ್ಡಿಗಾಗಿ ಖಾಲಿ ನಿಂತಿತ್ತು. ಸಂಜೆಯೊಳಗೆ ಕೊಡದಿದ್ದರೆ ಅವನು ಕಾರ್ಡು ಮಾಡಿಸಲು ಬೆಂಗಳೂರಿಗೆ ಹೋಗುತ್ತಿದ್ದ, ಅವನ ಹಿಂದೆಯೇ ಬೀದಿಯ ಉಳಿದವರೂ ಹೋಗುತ್ತಿದ್ದರು. ಕಂಪ್ಯೂಟರೇ ಕೆಟ್ಟರೆ ಎಬ್ಬಿಸುವವರು ಊರಲ್ಲಿ ಯಾರೂ ಇರಲಿಲ್ಲ. ಅಕ್ಕನಿಗೆ ಅಂಗಡಿ ಬಿಟ್ಟರೆ ಬೇರೆ ಆಧಾರವೂ ಇರಲಿಲ್ಲ.

ಪರದೆಯ ಮೇಲೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದಿಸುವುದು ಅಕ್ಕನ ಅಭ್ಯಾಸ. ಯಾವ ಪ್ರೋಗ್ರಾಮಿನ ಪ್ಯಾಕೇಜು ಬರುತ್ತದೆ, ಯಾವುದು ಬದಲಾಗುತ್ತದೆ ಎಂದು ಓದುತ್ತ ಹೋದೆ. ಎಲ್ಲ ಪ್ರೋಗ್ರಾಮುಗಳೂ ನೆಚ್ಚಿಕೊಂಡಿರುವ ಮೂಲ ಲೈಬ್ರರಿಯ ಹೆಸರು ಬಂತು.

"ಅದನ್ನ ಮುಟ್ಬೇಡ ಕಣೇ. ಹಾಗೇ ಇರ್ಲಿ ಅಂತ ಗುರುತು ಹಾಕು. ಹೊಸದೆಲ್ಲ ಕೂತ್ಮೇಲೆ ಕೊನೇಲಿ ಬದಲಾಯ್ಸೋಣ."

ನೇಯುವವರ ಬುದ್ಧಿ ಅದು. ಹಾಸಿನ ಉದ್ದ ಎಳೆ ಮುಗಿಯುತ್ತ ಬಂದಾಗ ಮಗ್ಗದಲ್ಲಿರುವ ಹಳೆಯ ಎಳೆಯನ್ನು ಕೀಳುವುದಿಲ್ಲ. ಅದರ ತುದಿಗೇ ಹೊಸ ಎಳೆ ಹೊಸೆದು ಎಳೆದುಕೊಳ್ಳುತ್ತಾರೆ. ಹಳೆಯದು ಗಟ್ಟಿಯಾಗಿ ನಿಂತಷ್ಟೂ ಒಳ್ಳೆಯದು.

ಇಲ್ಲಿ ಅದೇ ಮುಳುವಾಯಿತು. ಅಕ್ಕ ಎಂಟರ್ ಒತ್ತಿದ ಮೇಲೆ ಅರ್ಧ ದಾರಿಯಲ್ಲಿ ಕೆಲಸ ನಿಂತುಹೋಯಿತು. ಆಗಲೇ ಒಳಗೆ ಬಂದಿದ್ದ ಹೊಸ ಪ್ರೋಗ್ರಾಮುಗಳು ಹೊಸ ಲೈಬ್ರರಿ ಕೇಳುತ್ತಿದ್ದವು, ನಾವು ಹಳೆಯದನ್ನು ಬಿಗಿಹಿಡಿದಿದ್ದೆವು. ಫೈಲುಗಳ ಪಟ್ಟಿ ಕೇಳಿದರೂ ದೋಷದ ಸಾಲೇ ಬಂತು.

"ಆಫ್ ಮಾಡಿ ಆನ್ ಮಾಡ್ಲಾ ಅಕ್ಕ?"

"ಕೈ ತೆಗಿ!" ಅಕ್ಕ ನನ್ನ ಕೈಗೆ ಹೊಡೆದೇಬಿಟ್ಟರು. "ಈಗ ಆರಿದ್ರೆ ಮತ್ತೆ ಏಳಲ್ಲ. ತಪ್ಪು ನಂದು ಕಣೇ. ಇರು, ಯೋಚ್ನೆ ಮಾಡ್ತೀನಿ."

ದಿನಾ ಮಧ್ಯಾಹ್ನ ಎರಡು ಗಂಟೆಗೆ ಕರೆಂಟು ತೆಗೆಯುತ್ತಿದ್ದರು. ನಮ್ಮ ಯುಪಿಎಸ್ ಚಹಾ ಕುಡಿದು ಮುಗಿಸುವಷ್ಟು ಹೊತ್ತೂ ತಡೆಯುತ್ತಿರಲಿಲ್ಲ. ಜನರೇಟರ್ ಇದ್ದದ್ದು ಮಗ್ಗದಣ್ಣನ ಮನೆಯಲ್ಲಿ. ನಾನು ಓಡಿಹೋಗಿ ಕರೆದುಕೊಂಡು ಬಂದೆ.

"ಅಣ್ಣ, ಜನರೇಟರಿಂದ ಒಂದು ವೈರ್ ಎಳ್ಕೊಡಿ. ಮಗ್ಗ ನಿಲ್ಲಿಸ್ಬೇಕು. ಅವು ಓಡ್ತಿದ್ರೆ ವೋಲ್ಟೇಜ್ ಕುಣಿಯುತ್ತೆ," ಎಂದರು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ.

"ಎಲ್ಲಾ ಮಗ್ಗನೂವಾ? ಏನಮ್ಮಾ ಇದು, ಹೆರಿಗೇನಾ?"

"ಹೆರಿಗೇನೇ. ಮಗು ಅಡ್ಡ ಬಿದ್ದದೆ. ನಿಮ್ಮ ಸೀರೇನೂ ಅದರ ಹೊಟ್ಟೇಲೇ ಇದೆ."

ಅವನು ಗೊಣಗುತ್ತಲೇ ಹೋದ. ಅವನ ಮಗ್ಗಗಳ ಸದ್ದು ಒಂದೊಂದಾಗಿ ಅಡಗಿತು. ಹಗಲು ಹೊತ್ತಿನಲ್ಲಿ ಆ ಮನೆ ಅಷ್ಟು ಸುಮ್ಮನಾದದ್ದನ್ನು ನಾನು ಕಂಡೇ ಇರಲಿಲ್ಲ. ಜನರೇಟರ್ ಗುಡುಗಿತು, ಕಿಟಕಿಯಿಂದ ವೈರು ಒಳಗೆ ಬಂತು, ಕರೆಂಟು ಹೋಯಿತು. ಪರದೆ ಒಮ್ಮೆ ಮಂಕಾಗಿ ಮತ್ತೆ ಬೆಳಗಿತು.

ಪ್ಯಾಕೇಜು ಹಾಕುವ ಹಳೆಯ ಆಜ್ಞೆ ಮಾತ್ರ ಇನ್ನೂ ಜೀವಂತವಾಗಿದೆ ಎಂದು ಅಕ್ಕ ಕಂಡುಕೊಂಡರು. ಲೈಬ್ರರಿಗೆ ಹಾಕಿಸಿದ್ದ ಗುರುತನ್ನು ತೆಗೆದರು. ಸಿ.ಡಿ.ಯಿಂದ ಅದೊಂದನ್ನೇ ಮೊದಲು ಕೂರಿಸಿದರು. ಆಮೇಲೆ, ಅರ್ಧಕ್ಕೆ ನಿಂತವನ್ನೆಲ್ಲ ಪೂರ್ತಿಮಾಡು ಎಂಬ ಸಾಲನ್ನು ಒಂದೊಂದೇ ಅಕ್ಷರ ಒತ್ತಿ ಬರೆದರು. ಸಾಲುಗಳು ಓಡತೊಡಗಿದವು.

ಕೊನೆಗೆ ಕಂಪ್ಯೂಟರನ್ನು ಆರಿಸಿ ಹೊತ್ತಿಸಲೇಬೇಕಿತ್ತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಆರಿಸಿ, ಮತ್ತೆ ಹೊತ್ತಿಸಿದರು. ಕಪ್ಪು ಪರದೆ. ಬಾಗಿಲಲ್ಲಿ ನಿಂತಿದ್ದ ಮಗ್ಗದಣ್ಣನೂ ಬೀಡಿ ಕೆಳಗಿಳಿಸಿದ. ಆಮೇಲೆ ಬಳಸುವವರ ಹೆಸರು ಕೇಳುವ ಸಾಲು ಬಂತು; ಕಂಪ್ಯೂಟರ್ ಎದ್ದಿತ್ತು.

"ಗಂಡೋ ಹೆಣ್ಣೋ?" ಎಂದ ಅವನು.

"ಹೋಗಿ ಮಗ್ಗ ಹಾಕ್ಕೊಳ್ಳಿ ಅಣ್ಣ," ಎಂದರು ಅಕ್ಕ.

ತೂತು ಬಿದ್ದ ಮೊದಲ ಕಾರ್ಡುಗಳನ್ನು ಜೋಡಿಸುತ್ತ ಕೇಳಿದೆ: "ಇದನ್ನೆಲ್ಲ ನಿಮಗೆ ಯಾರಕ್ಕ ಕಲಿಸಿದ್ದು?"

"ಒಬ್ರು ಇದ್ರು. ಇನ್ನೊಂದಿನ ಹೇಳ್ತೀನಿ. ಈಗ ಕಾರ್ಡು ಕೊಡು, ಅಣ್ಣ ಕಾಯ್ತಾವ್ನೆ."

ಆ ಇನ್ನೊಂದು ದಿನ ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಹೋದ ವರ್ಷ ಕಾಮಾಲೆಯಾಗಿ ಅಕ್ಕ ತೀರಿಕೊಂಡರು. ಅಂಗಡಿ ಈಗ ನನ್ನ ಕೈಯಲ್ಲಿದೆ. ನನಗೆ ಕಲಿಸಿದವರು ಯಾರೆಂದು ನಾನು ಹೇಳಬಲ್ಲೆ. ಅವರಿಗೆ ಕಲಿಸಿದವರು ಯಾರೆಂದು ಅವರ ತವರಿನವರಿಗೂ ಗೊತ್ತಿಲ್ಲ. ಆ ಕಾಲದಲ್ಲಿ ಪಿಲ್ಲಗುಂಪೆಯ ಕಚೇರಿಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಇದನ್ನು ಓದಿದರೆ, ಸೀಳಿದ ಉಗುರಿನ ಆ ಹೆಂಗಸನ್ನು ಕಂಪ್ಯೂಟರಿನ ಮುಂದೆ ಕೂರಿಸಿದವರು ಯಾರು ಎಂದು ದಯವಿಟ್ಟು ನನಗೆ ಬರೆಯಿರಿ. ಆ ದಿನ ಯಂತ್ರ ಎದ್ದಿತೆಂದು ಅವರಿಗೆ ಇನ್ನೂ ಯಾರೂ ಹೇಳಿಲ್ಲ.