ಯಜಮಾನರ ಫೋಟೊ ಮತ್ತು ಝಿವ್ಕಾಳ ಹಠ

ಝಿವ್ಕಾ ಹಿಡಿದ ಪಟ್ಟು ಬಿಡುವ ಹೆಂಗಸಲ್ಲ. ನಮ್ಮ ಗುಡ್ಡದೂರು ಸ್ಮೋಲ್ಯಾನ್‌ನ ಉಣ್ಣೆ ಚಪ್ಪಲಿ ಕಾರ್ಖಾನೆಗೆ ಹೊಲಿಯಲು ಸೇರಿದಾಗ ಅವಳಿನ್ನೂ ಎರಡು ಜಡೆಯ ಹುಡುಗಿ. ಮದುವೆ, ಬಾಣಂತನ, ಗಂಡನ ಕುಡಿತ, ಆ ಗಂಡನನ್ನು ಮನೆಯಿಂದ ಅಟ್ಟಿದ್ದು, ಎಲ್ಲವೂ ಅದೇ ಹೊಲಿಗೆ ಯಂತ್ರದ ಮುಂದೆಯೇ ಆಗಿಹೋಯಿತು. ನಮ್ಮ ಕಡೆ ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ಬೂಟು ಬಿಚ್ಚಬೇಕು, ಮನೆಯವರು ಕೊಟ್ಟ ಬೆಚ್ಚನೆ ಚಪ್ಪಲಿ ಹಾಕಿಕೊಳ್ಳಬೇಕು. ಹಾಗಾಗಿ ಚಳಿಗಾಲ ಬಂತೆಂದರೆ ಕಾರ್ಖಾನೆಯ ಹೆಂಗಸರಿಗೆ ತಲೆ ಎತ್ತಲು ಪುರುಸೊತ್ತು ಇರುತ್ತಿರಲಿಲ್ಲ.

ಕಾರ್ಖಾನೆ ಕಟ್ಟಿದ ಗೆಂಚೋ ಯಜಮಾನರು ತೀರಿಕೊಂಡ ಮೇಲೆ ಅದೆಲ್ಲ ನಿಂತಿತು. ಆ ಚಳಿಗಾಲ ಬೇಡಿಕೆಯೇ ಬರಲಿಲ್ಲ. ಮಗ ಡೋಬ್ರಿ ಒಳ್ಳೆಯವನು, ಆದರೆ ಒಳ್ಳೆಯತನದಿಂದ ಚಪ್ಪಲಿ ಮಾರಾಟವಾಗುವುದಿಲ್ಲ. ಈ ಸಲವೂ ಹೀಗೇ ಆದರೆ ಕಾರ್ಖಾನೆಯ ಶೆಡ್ಡನ್ನು ಟಯರ್ ವ್ಯಾಪಾರಿಗೆ ಬಾಡಿಗೆಗೆ ಕೊಡುತ್ತೇನೆ ಎಂದು ಬೇಸಿಗೆಯಲ್ಲೇ ಹೇಳಿಬಿಟ್ಟ. ಉಳಿದ ಹೆಂಗಸರು ಕಣ್ಣೊರೆಸಿಕೊಂಡರು. ಝಿವ್ಕಾ ಮಾತ್ರ ಕಾರ್ಖಾನೆಯ ಮೊಬೈಲನ್ನು ತನ್ನ ಕೈಗೆ ಕೊಡು ಎಂದಳು. ಕಾರ್ಖಾನೆಯ ಅಂತರ್ಜಾಲದ ಪುಟವನ್ನು ಅಲ್ಲಿಯವರೆಗೆ ಡೋಬ್ರಿಯೇ ನೋಡಿಕೊಳ್ಳುತ್ತಿದ್ದ, ಅಂದರೆ ಯಾರೂ ನೋಡಿಕೊಳ್ಳುತ್ತಿರಲಿಲ್ಲ.

ಪುಟ ತೆರೆದವಳು ಹಣೆ ಚಚ್ಚಿಕೊಂಡಳು. ಯಾರೋ ವಸಂತದಲ್ಲಿ ಕೇಳಿದ ಪ್ರಶ್ನೆಗೆ ಉತ್ತರವಿಲ್ಲ. ಬೆಲೆ ಕೇಳಿದವರಿಗೆಲ್ಲ ‘ಖಾಸಗಿಯಾಗಿ ಹೇಳುತ್ತೇವೆ’ ಎಂಬ ಒಂದೇ ಜವಾಬು, ಚಪ್ಪಲಿಯ ಬೆಲೆಯೇನು ಮನೆತನದ ಗುಟ್ಟೋ ಎಂಬಂತೆ. ಚಪ್ಪಲಿಯ ಚಿತ್ರ ಹುಡುಕಿದರೂ ಇಲ್ಲ, ಮೇಯರ್ ಕೈ ಕುಲುಕುವ ಡೋಬ್ರಿಯ ಚಿತ್ರ ಮೂರು ಇವೆ. ಅಂದಿನಿಂದ ಅವಳು ಬೆಳಗಿನ ಕಾಫಿ ಆರುವುದರೊಳಗೆ ಬಂದ ಪ್ರಶ್ನೆಗಳಿಗೆಲ್ಲ ಉತ್ತರ ಬರೆದಳು. ಬೆಲೆಯನ್ನು ಎಲ್ಲರಿಗೂ ಕಾಣುವಂತೆ ಹಾಕಿದಳು. ಹೆಂಗಸರ ಕಾಲಿಗೆಲ್ಲ ಹೊಸ ಚಪ್ಪಲಿ ತೊಡಿಸಿ, ಉರಿಯುವ ಒಲೆಯ ಮುಂದೆ ಸಾಲಾಗಿ ಕೂರಿಸಿ ಚಿತ್ರ ತೆಗೆದಳು.

ಆದರೂ ಬೇಡಿಕೆ ಬರಲಿಲ್ಲ. ಬೇರೆಯವರಾಗಿದ್ದರೆ ಹಣೆಬರಹ ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಝಿವ್ಕಾ ಹಳೆಯ ಗಿರಾಕಿಗಳಿಗೆ ಒಬ್ಬೊಬ್ಬರಾಗಿ ಫೋನು ಹಚ್ಚಿದಳು. ಪ್ಲೋವ್ಡಿವ್‌ನ ಅಂಗಡಿಯಾಕೆ ಅವಳ ದನಿ ಕೇಳುತ್ತಲೇ ಮರುಗಿದಳು. ನೀವು ಬಾಗಿಲು ಹಾಕಿದ್ದು ತಿಳಿದು ಬಹಳ ಬೇಜಾರಾಯಿತು, ಚರ್ಚಿನಲ್ಲಿ ಒಂದು ಮೇಣದ ಬತ್ತಿಯನ್ನೂ ಹಚ್ಚಿದೆ ಎಂದಳು.

ಆಗ ಝಿವ್ಕಾಳಿಗೆ ಹೊಳೆಯಿತು. ಸತ್ತವರ ಫೋಟೊಗೆ ಕಪ್ಪು ಅಂಚು ಕಟ್ಟಿ, ನಲವತ್ತನೆಯ ದಿನಕ್ಕೆ, ಅರ್ಧ ವರ್ಷಕ್ಕೆ, ವರ್ಷಕ್ಕೆ ಗೇಟಿಗೂ ಬಸ್ ನಿಲ್ದಾಣಕ್ಕೂ ಅಂಟಿಸುವುದು ನಮ್ಮ ಪದ್ಧತಿ. ಡೋಬ್ರಿ ಅದನ್ನು ಕಾರ್ಖಾನೆಯ ಪುಟಕ್ಕೂ ಅಂಟಿಸಿದ್ದ. ಸಾಲದ್ದಕ್ಕೆ ಪುಟದ ತಲೆಯ ಮೇಲೇ ಅಲ್ಲಾಡದಂತೆ ಕೂರಿಸಿದ್ದ. ಕಾರ್ಖಾನೆಯ ಹೆಸರು, ಕೆಳಗೆ ಕಪ್ಪು ಪಟ್ಟಿ, ಯಜಮಾನರ ಮುಖ, ‘ಮರೆಯಲಾರೆವು’ ಎಂಬ ಮಾತು. ನಮ್ಮವರು ಕಪ್ಪು ಅಂಚು ಕಂಡರೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಮುಂದೆ ಹೋಗುತ್ತಾರೆ. ಒಲೆಯ ಮುಂದಿನ ಚಪ್ಪಲಿಗಳನ್ನು ಯಾರು ನೋಡಿಯಾರು? ತಾನೂ ದಿನಾ ಆ ಮುಖ ನೋಡಿ ಶಿಲುಬೆಯ ಗುರುತು ಮಾಡಿಕೊಂಡೇ ಕೆಲಸಕ್ಕೆ ಕೂರುತ್ತಿದ್ದೆನಲ್ಲ ಎಂದು ಝಿವ್ಕಾಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅದನ್ನು ತೆಗೆಯಬೇಕು ಎಂದಾಗ ಡೋಬ್ರಿಯ ಮುಖ ಕೆಂಪಾಯಿತು. ಆ ಪುಟದಲ್ಲಿ ಅತಿ ಹೆಚ್ಚು ಜನ ಬರೆದದ್ದೇ ಅಪ್ಪನ ಫೋಟೊ ಕೆಳಗೆ ಎಂದ.

“ಬರ್ದಿದಾರೆ ನಿಜ. ಆತ್ಮಕ್ಕೆ ಶಾಂತಿ ಸಿಗ್ಲಿ ಅಂತ ಬರ್ದಿದಾರೆ. ಒಂದು ಜೊತೆ ಕಳ್ಸಿ ಅಂತ ಒಬ್ಬರಾದ್ರೂ ಬರ್ದಿದಾರಾ?”

“ಅಪ್ಪ ಕಟ್ಟಿದ ಮನೆಯಿಂದ ಅಪ್ಪನ್ನೇ ಆಚೆ ಹಾಕು ಅಂತೀಯಲ್ಲ, ಝಿವ್ಕಕ್ಕ. ಅವರ ಉಪ್ಪು ತಿಂದೋಳು ನೀನು.”

ಮಾತು ನಾಟಿತು. ಗಂಡನನ್ನು ಅಟ್ಟಿದ ವರ್ಷ ಅವಳ ಮನೆಗೆ ಸೌದೆ ಹಾಕಿಸಿದವರು ಅದೇ ಗೆಂಚೋ. ಅವಳಿಗೆ ಅಳು ಬಂತು. ಆದರೂ ಜಾಗ ಬಿಟ್ಟು ಕದಲಲಿಲ್ಲ. ಅವನ ಮೇಜಿನ ಮೇಲೆ ಮೊಬೈಲಿಟ್ಟು, ಮುಂದಿನ ಗಿರಾಕಿಗೆ ನೀನೇ ಫೋನು ಮಾಡು ಎಂದಳು.

ಡೋಬ್ರಿ ಹಟಕ್ಕೆ ಬಿದ್ದು ಬುರ್ಗಾಸ್‌ನ ಮುದುಕನೊಬ್ಬನಿಗೆ ಮಾಡಿದ. ಮುದುಕನ ದನಿ ಇಡೀ ಕೋಣೆಗೆ ಕೇಳುತ್ತಿತ್ತು. ನಿಮ್ಮ ಕಾರ್ಖಾನೆಯಲ್ಲಿ ಉಳಿದ ಮಾಲು ಇದ್ದರೆ ಕಡಿಮೆಗೆ ಕೊಡುತ್ತೀರಾ ಎಂದು ಕೇಳಿದ.

“ಉಳಿದ ಮಾಲಲ್ಲ, ತಾತ. ಕಾರ್ಖಾನೆ ನಡೀತಾ ಇದೆ,” ಎಂದ ಡೋಬ್ರಿ.

“ನಡೀತಾ ಇದ್ಯಾ? ಅವರ ಜೊತೇಲೇ ಹೋಯ್ತು ಅನ್ಕೊಂಡೆನಪ್ಪ. ಒಬ್ಬ ಮಗ ಇದ್ದ ಅಂತಿದ್ರು. ಅವನೇನಾದ?”

ಡೋಬ್ರಿ ಫೋನು ಕೆಳಗಿಟ್ಟ. ಗೆದ್ದೆನೆಂಬ ಖುಷಿ ಝಿವ್ಕಾಳಿಗೆ ಒಂಚೂರೂ ಆಗಲಿಲ್ಲ.

ಅವನು ನೇರ ತಾಯಿಯ ಬಳಿಗೆ ಹೋದ. ವೇಲಿಕಾ ಇನ್ನೂ ತಲೆಯಿಂದ ಕಾಲಿನವರೆಗೆ ಶೋಕದ ಕಪ್ಪು ಬಟ್ಟೆಯಲ್ಲೇ ಇದ್ದಳು. ಮಗ ಹೇಳಿದ್ದನ್ನು ಕೇಳಿ, ಮರುದಿನ ಕೋಲೂರಿಕೊಂಡು ಕಾರ್ಖಾನೆಗೆ ಬಂದಳು. ಗೇಟಿನ ಫೋಟೊ ಗೇಟಿನಲ್ಲೇ ಇರಲಿ, ವ್ಯಾಪಾರದ ಜಾಗದಲ್ಲಿ ಬೇಡ, ಬದುಕಿದ್ದರೆ ಆ ಮನುಷ್ಯ ಅದನ್ನು ತಾನೇ ಕಿತ್ತುಹಾಕುತ್ತಿದ್ದ ಎಂದಳು. ಆಮೇಲೆ ಝಿವ್ಕಾಳ ಯಂತ್ರದ ಮುಂದೆ ಕೂತು, ನನ್ನದೇ ಒಂದು ವಿಡಿಯೊ ತೆಗಿ ಎಂದು ಅಪ್ಪಣೆ ಮಾಡಿದಳು. ಏನು ಹೇಳಬೇಕೆಂದು ಝಿವ್ಕಾ ಬರೆದುಕೊಟ್ಟದ್ದನ್ನು ಪಕ್ಕಕ್ಕೆ ತಳ್ಳಿದಳು.

“ನನ್ ಗಂಡ ಸತ್ತ. ನಾವು ಸತ್ತಿಲ್ಲ. ದಿನಾ ಹೊಲೀತಾ ಇದೀವಿ. ಚಳಿ ಬಂತು, ಕಾಲು ಬೆಚ್ಚಗಿಟ್ಕೊಳ್ಳಿ.”

ಅಷ್ಟೇ. ಝಿವ್ಕಾ ಅದನ್ನು ಹಾಗೆಯೇ ಪುಟಕ್ಕೆ ಹಾಕಿ, ಕಪ್ಪು ಅಂಚಿನ ಫೋಟೊವನ್ನು ತೆಗೆದುಹಾಕಿದಳು. ಮೊದಲು ಮತ್ತೆ ಸಂತಾಪಗಳೇ ಬಂದವು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ವಾರ್ನಾದ ಒಬ್ಬಾಕೆ ಕೇಳಿದಳು: ಹಾಗಾದರೆ ಕಾರ್ಖಾನೆ ಇದೆಯೇ?

ಝಿವ್ಕಾ ಉತ್ತರ ಬರೆಯಲು ಹೋದವಳು ತಡೆದು, ಮೊಬೈಲನ್ನು ಡೋಬ್ರಿಗೆ ಕೊಟ್ಟಳು. ಅವನು ಪ್ರಶ್ನೆಯನ್ನು ಮತ್ತೊಮ್ಮೆ ಓದಿದ. ಅಪ್ಪನನ್ನು ಮಣ್ಣು ಮಾಡಿದ ದಿನದಿಂದ ಈ ಪ್ರಶ್ನೆಯನ್ನು ಅವನು ತನಗೆ ತಾನೇ ಕೇಳಿಕೊಂಡಿರಲಿಲ್ಲ. ಕೊನೆಗೆ ‘ಇದೆ’ ಎಂದು ಬರೆದ. ಕೆಳಗೆ ಬೆಲೆ ಬರೆದ. ಅದರ ಕೆಳಗೆ, ಯಾರೂ ಕೇಳದಿದ್ದರೂ, ತನ್ನ ಹೆಸರು ಬರೆದ.